ಮಾಬ್ಲನ ಕಪ್ತಾನ

ಹೊನ್ನಾವರದ ಬಂದರಿನ ಹತ್ತಿರ ಐಸ್ ಫ್ಯಾಕ್ಟರಿಯಲ್ಲಿ ಗುಮಾಸ್ತನಾಗಿದ್ದ ಮಾಬ್ಲ ಹರಿಕಾಂತ ಪುಸ್ತಕ ಬರೆಯುತ್ತಾನೆ ಎಂಬುದು ಮಾದೇವಿಗೆ ಗೊತ್ತಾದದ್ದು ಮದುವೆಯಾಗಿ ಎಂಟು ದಿನ ಕಳೆದ ಮೇಲೆ. ಮಾತುಕತೆಯ ದಿನ ಗಂಡಿನ ಕಡೆಯವರು ಅದನ್ನು ಹೇಳಿರಲಿಲ್ಲ. ಹೇಳಿಕೊಳ್ಳಬೇಕಾದ ಗುಣವೆಂದಾಗಲಿ, ಮುಚ್ಚಿಡಬೇಕಾದ ದೋಷವೆಂದಾಗಲಿ ಅವರಿಗೆ ಅನಿಸಿರಲಿಕ್ಕಿಲ್ಲ. ಮೂಲೆಯಲ್ಲಿದ್ದ ಕಬ್ಬಿಣದ ಟ್ರಂಕಿನಲ್ಲಿ ಹೊದಿಕೆ ಇದ್ದೀತೆಂದು ಅವಳು ಮುಚ್ಚಳ ತೆಗೆದಳು. ಒಳಗೆ ಕಂಠಮಟ್ಟ ಪುಸ್ತಕ. ಅಂಗೈಗಿಂತ ಸ್ವಲ್ಪ ದೊಡ್ಡ, ಒರಟು ಕಾಗದದ ಪುಸ್ತಕಗಳು. ಒಂದರ ರಟ್ಟಿನ ಮೇಲೆ ಬೆಂಕಿ ಹತ್ತಿದ ಹಡಗು, ಇನ್ನೊಂದರ ಮೇಲೆ ಬಾಯಲ್ಲಿ ಚೂರಿ ಕಚ್ಚಿಕೊಂಡು ಹಗ್ಗ ಹತ್ತುತ್ತಿರುವ ಮನುಷ್ಯ.

"ಇಷ್ಟೆಲ್ಲ ಎಂತಕ್ಕೆ?" ಎಂದು ಕೇಳಿದಳು.

"ಓದೂಕೆ," ಎಂದ ಮಾಬ್ಲ. ಆಮೇಲೆ ನಾಚಿಕೊಂಡು, "ಅದ್ರಲ್ಲಿ ನಾಲ್ಕು ನಾನೇ ಬರ್ದದ್ದು," ಎಂದ.

ಮಾದೇವಿಗೆ ಓದು ಬರುತ್ತಿರಲಿಲ್ಲ. ಹುಟ್ಟಿದ್ದು ಮಂಕಿಯಲ್ಲಿ, ಎಂಟು ವರ್ಷಕ್ಕೆ ತಾಯಿಯ ಹಿಂದೆ ಮೀನಿನ ಬುಟ್ಟಿ ಹಿಡಿದು ಹೊರಟವಳು. ಅವನು ತೋರಿಸಿದ ನಾಲ್ಕು ಪುಸ್ತಕಗಳನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಒದ್ದೆ ಕೈ ಸೀರೆಗೆ ಒರೆಸಿಕೊಂಡು, ಇದ್ದಲ್ಲೇ ಇಟ್ಟಳು. ಪುಸ್ತಕದ ಮೇಲೆ ಅವನ ಹೆಸರೂ ಇರಲಿಲ್ಲ. ಭಟ್ಕಳದ ಪ್ರಭುಗಳ ಪ್ರೆಸ್ಸಿನಲ್ಲಿ ತಿಂಗಳಿಗೊಂದು ಸಾಹಸ ಕಾದಂಬರಿ ಅಚ್ಚಾಗುತ್ತಿತ್ತು. ಯಾರು ಬರೆದರೂ ಎಲ್ಲದರ ಮೇಲೂ 'ಪ್ರಳಯಕುಮಾರ' ಎಂಬ ಒಂದೇ ಹೆಸರು. ಕಾರವಾರದಿಂದ ಕುಂದಾಪುರದವರೆಗಿನ ಬಸ್‌ಸ್ಟ್ಯಾಂಡುಗಳಲ್ಲಿ ಕಡಲೆಕಾಯಿ ಪೊಟ್ಟಣದ ಪಕ್ಕ ಅವು ನೇತಾಡುತ್ತಿದ್ದವು.

ಅವನಿಗೆ ಈ ಹುಚ್ಚು ಹಿಡಿದ ಕತೆಯನ್ನು ಮಾದೇವಿ ಆಮೇಲೆ ಎಷ್ಟು ಸಲ ಕೇಳಿದಳೋ. ಅವನು ಅಘನಾಶಿನಿಯವನು. ಅವನ ತಾಯಿ ಹೊಳೆಯಲ್ಲಿ ಬಳಚಿನ ಚಿಪ್ಪು ಹೆಕ್ಕಿ ಕುಮಟೆಗೆ ಒಯ್ದು ಮಾರುತ್ತಿದ್ದಳು. ಒಂದು ದಿನ ಅಂಗಡಿಯವನು ಬೆಲ್ಲ ಕಟ್ಟಿಕೊಟ್ಟ ಕಾಗದ ಯಾವುದೋ ಕಾದಂಬರಿಯ ಹಾಳೆ. ಅದರಲ್ಲಿ ಒಬ್ಬ ಮನುಷ್ಯ ಕಡಿದಾದ ಬಂಡೆಯ ಅಂಚನ್ನು ಒಂದೇ ಕೈಯಲ್ಲಿ ಹಿಡಿದು ನೇತಾಡುತ್ತಿದ್ದ. ಕೆಳಗೆ ಸಮುದ್ರ. ಅವನ ಬೆರಳು ಒಂದೊಂದಾಗಿ ಸಡಿಲುತ್ತಿರುವಾಗ ಹಾಳೆ ಮುಗಿದಿತ್ತು. ಮರುದಿನ ಮಾಬ್ಲ ಅದೇ ಅಂಗಡಿಗೆ ಹೋಗಿ ರದ್ದಿಯ ರಾಶಿಯನ್ನೆಲ್ಲ ಹುಡುಕಿದ. ಸಿಗಲಿಲ್ಲ. ಆ ಮನುಷ್ಯ ಬಿದ್ದನೋ ಬದುಕಿದನೋ ತಿಳಿಯಲೆಂದು ಕುಮಟೆಯಲ್ಲಿ ಬಾಡಿಗೆಗೆ ಪುಸ್ತಕ ಕೊಡುತ್ತಿದ್ದ ಸೈಕಲ್ ಶಾಪಿನವನ ಹತ್ತಿರ ಇದ್ದಬದ್ದದ್ದನ್ನೆಲ್ಲ ಓದಿದ. ಕಳ್ಳಸಾಗಣೆ, ನಿಧಿ, ನರಭಕ್ಷಕರ ದ್ವೀಪ, ಮುಳುಗಿದ ಹಡಗು, ಯಾವುದನ್ನೂ ಬಿಡಲಿಲ್ಲ. ಆ ಮನುಷ್ಯ ಮಾತ್ರ ಸಿಗಲಿಲ್ಲ. "ಕಡೀಗೆ ನಾನೇ ಅವನ್ನ ಮೇಲೆ ಎಳ್ದೆ," ಎನ್ನುತ್ತಿದ್ದ ಮಾಬ್ಲ. ಅವನ ಕಪ್ತಾನ ಶಂಖಪಾಲ ಹುಟ್ಟಿದ್ದು ಹೀಗೆ.

ಶಂಖಪಾಲ ಏಳು ಸಮುದ್ರ ದಾಟಿದವನು, ಒಬ್ಬನೇ ಇಪ್ಪತ್ತು ಜನರ ಜೊತೆ ಕತ್ತಿ ಹಿಡಿದು ನಿಲ್ಲುವವನು. ಅವನನ್ನು ಬರೆದ ಮಾಬ್ಲನಿಗೆ ದೋಣಿ ಹತ್ತಿದರೆ ಹೊಟ್ಟೆ ತೊಳಸಿ ವಾಂತಿಯಾಗುತ್ತಿತ್ತು. ಮೀನು ಹಿಡಿಯುವ ಹರಿಕಾಂತರಲ್ಲಿ ಹುಟ್ಟಿ ನೀರಿಗೆ ಹೆದರುವವನೆಂದು ಬಂದರಿನ ಮೇಲೆ ಎಲ್ಲರೂ ನಗುತ್ತಿದ್ದರು. ಅವನೂ ಅವರ ಜೊತೆ ನಗುತ್ತಿದ್ದ. ಐಸಿನ ಗಡ್ಡೆ ಎಷ್ಟು ಹೋಯಿತು, ಎಷ್ಟು ಉಳಿಯಿತು ಎಂದು ಬರೆದ ರಿಜಿಸ್ಟರಿನ ಕೆಳಗೆ ಇನ್ನೊಂದು ನೋಟ್‌ಬುಕ್ ಇರುತ್ತಿತ್ತು. ಬೋಟು ಬಾರದ ಹೊತ್ತಿನಲ್ಲಿ ಅದು ಮೇಲೆ ಬರುತ್ತಿತ್ತು.

ಮಾದೇವಿ ಅದನ್ನು ಬೇಡವೆನ್ನಲಿಲ್ಲ. ಕುಡಿಯುವ ಗಂಡನಿಗಿಂತ ಬರೆಯುವ ಗಂಡ ಮೇಲು ಎಂದುಕೊಂಡಳು. ಬುಟ್ಟಿ ಹೊತ್ತು ಹಳದೀಪುರದ ಮನೆಗಳಿಗೆ ಬಂಗುಡೆ, ತಾರ್ಲೆ ಮಾರಿ ಬರುತ್ತಿದ್ದಳು. ಮದುವೆಯ ಮರುವರ್ಷ ಮಗಳು ಹುಟ್ಟಿದಳು. ಕಮಲಿ ಎಂದು ಹೆಸರಿಟ್ಟರು. ಮಲಗುವಾಗ ತನ್ನ ಕೂದಲನ್ನೇ ಮುಷ್ಟಿಯಲ್ಲಿ ಹಿಡಿದು ಮಲಗುವ ಮಗು. ಮಾಬ್ಲ ಅದನ್ನು ತೊಡೆಯ ಮೇಲೆ ಕೂರಿಸಿಕೊಂಡು ಶಂಖಪಾಲನ ಕತೆ ಹೇಳಿದರೆ ಕಣ್ಣು ಮಿಟುಕಿಸದೆ ಕೇಳುತ್ತಿತ್ತು.

ಎಪ್ಪತ್ತನಾಲ್ಕರ ಆಷಾಢದಲ್ಲಿ, ಕಮಲಿಗೆ ಐದು ತುಂಬಿದ ವರ್ಷ, ಒಂದು ಗುರುವಾರ ಬೆಳಿಗ್ಗೆ ಮಗುವಿನ ಮೈ ಬಿಸಿಯಾಗಿತ್ತು. ಮಾಬ್ಲ ಹೊಸ ಪುಸ್ತಕದ ಹಸ್ತಪ್ರತಿಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಭಟ್ಕಳಕ್ಕೆ ಹೊರಟಿದ್ದ.

"ಇವತ್ತು ಹೋಗೂದು ಬ್ಯಾಡ," ಎಂದಳು ಮಾದೇವಿ. "ಮೈ ಕೆಂಡ ಆಗದೆ."

"ನೆಗಡಿ ಜ್ವರ. ಪ್ರಭುಗಳು ಇವತ್ತೇ ಬೇಕು ಹೇಳೀರು. ಸಂಜಿಗೆ ಬತ್ತೆ." ಮಗುವಿನ ಹಣೆ ಮುಟ್ಟಿ, ಕೊಡೆ ಹಿಡಿದು ಹೋದ.

ಸಂಜೆಗೆ ಬರಲಿಲ್ಲ. ಆ ದಿನ ಹಿಡಿದ ಮಳೆ ಎರಡು ದಿನ ಬಿಡಲಿಲ್ಲ. ಹಳ್ಳಗಳ ನೀರು ರಸ್ತೆಯ ಮೇಲೆ ಬಂದು ಭಟ್ಕಳದ ಕಡೆಯಿಂದ ಬಸ್ಸುಗಳು ನಿಂತವು, ಕುಮಟೆಯ ಕಡೆಯಿಂದಲೂ ನಿಂತವು. ಮಾದೇವಿ ಮಗುವನ್ನು ಸೀರೆಯಲ್ಲಿ ಸುತ್ತಿ ಪೇಟೆಯ ಡಾಕ್ಟರರ ಹತ್ತಿರ ಒಯ್ದಳು. ಅವರು ಸೂಜಿ ಚುಚ್ಚಿ, ಕುಮಟೆಯ ದೊಡ್ಡ ಆಸ್ಪತ್ರೆಗೆ ಸೇರಿಸಿದರೆ ಒಳ್ಳೆಯದು ಎಂದರು. ಬಸ್ಸಿಲ್ಲವಲ್ಲ ಎಂದದ್ದಕ್ಕೆ ಇನ್ನೆರಡು ಗುಳಿಗೆ ಕಟ್ಟಿಕೊಟ್ಟರು. ಶುಕ್ರವಾರ ಮಧ್ಯಾಹ್ನ ಕಮಲಿ ಕಲ್ಲಂಗಡಿ ಹಣ್ಣು ಬೇಕೆಂದು ಹಟ ಹಿಡಿಯಿತು. ಗಂಜಿಯನ್ನು ನಾಲಿಗೆಯಿಂದ ತಳ್ಳಿ, ಕಲ್ಲಂಗಡಿ, ಕಲ್ಲಂಗಡಿ ಎಂದಿತು. ಸಂಜೆ ದೀಪ ಹಚ್ಚುವ ಹೊತ್ತಿಗೆ ಕೇಳುವುದನ್ನು ನಿಲ್ಲಿಸಿತು.

ಶನಿವಾರ ಬೆಳಿಗ್ಗೆ ನೆರೆಯವರು ಮಗುವನ್ನು ಮಣ್ಣು ಮಾಡಿ ಬಂದರು. ಆಮೇಲೆ ಮಾಬ್ಲ ಬಂದ. ಮಂಕಿಯವರೆಗೆ ಯಾವುದೋ ಲಾರಿಯಲ್ಲಿ ಬಂದು ಅಲ್ಲಿಂದ ನಡೆದಿದ್ದ. ಮೊಣಕಾಲಿನವರೆಗೆ ಕೆಸರು. ಕೈಯಲ್ಲಿ ಗಾಜಿನ ಬಳೆಯ ಪೊಟ್ಟಣ. ಅಂಗಳದಲ್ಲಿ ಕೂತವರ ಮುಖ ನೋಡಿ ಅಲ್ಲೇ ನಿಂತ.

"ಕಲ್ಲಂಗಡಿ ಕೇಳ್ತು," ಎಂದಳು ಮಾದೇವಿ, ಎದ್ದೇಳದೆ. "ಆಷಾಢದಲ್ಲಿ ಎಲ್ಲಿಂದ ತರೂದು ನಾನು? ನಿಮ್ಮ ಕಪ್ತಾನನ ಹತ್ರ ಇತ್ತಾ? ಕಳ್ಸೂಕಾಗ್ಲಿಲ್ವಾ ಅವನ್ನ?"

ಅವನು ಬಳೆಯ ಪೊಟ್ಟಣವನ್ನು ಜಗಲಿಯ ಅಂಚಿನ ಮೇಲೆ ಇಟ್ಟ.

ಇಪ್ಪತ್ತು ದಿನ ಕಳೆದಿರಬೇಕು. ಮಾದೇವಿ ಬುಟ್ಟಿ ತೊಳೆದು ಒಳಗೆ ಬಂದರೆ ಮಾಬ್ಲ ಕಿಟಕಿಯ ಹತ್ತಿರ ಕೂತು ಬರೆಯುತ್ತಿದ್ದ. ಹೊಸ ನೋಟ್‌ಬುಕ್. ತಲೆ ಎತ್ತದೆ, ಯಾರೋ ಅಟ್ಟಿಸಿಕೊಂಡು ಬರುತ್ತಿದ್ದ ಹಾಗೆ ಬರೆಯುತ್ತಿದ್ದ. ಅವಳು ಬಾಗಿಲ ಚೌಕಟ್ಟು ಹಿಡಿದು ನಿಂತಳು. ಮಗುವಿನ ಲಂಗ ಇನ್ನೂ ಗಳುವಿನ ಮೇಲೇ ಇತ್ತು. ಆ ಹೊತ್ತಿನಲ್ಲಿ ಅವಳ ಮನಸ್ಸಿನಲ್ಲಿ ಏನೋ ಒಂದು ಮುರಿದದ್ದು ಮತ್ತೆ ಕೂಡಲಿಲ್ಲ. ಜಗಳವಾಡಲಿಲ್ಲ. ಅಂದಿನಿಂದ ಅವನ ಜೊತೆ ಅಕ್ಕಿಯ ಮಾತು, ಸೌದೆಯ ಮಾತು, ಮಾಡಿನ ಹೆಂಚಿನ ಮಾತು ಮಾತ್ರ ಆಡಿದಳು. ಆ ಪುಸ್ತಕ ಅಚ್ಚಾಗಿ ಬಂದಾಗ ಅವನು ಎಂದಿನಂತೆ ಅವಳ ಕೈಗೆ ಕೊಡಲು ಬಂದ. ಅವಳು ಕೈ ಚಾಚಲಿಲ್ಲ. ಅವನೇ ಟ್ರಂಕಿನಲ್ಲಿಟ್ಟ. ಹೀಗೆ ನಾಲ್ಕೈದು ವರ್ಷ ಹೋಯಿತು. ಮತ್ತೆ ಮಕ್ಕಳಾಗಲಿಲ್ಲ.

ಎಪ್ಪತ್ತೊಂಬತ್ತರಲ್ಲಿ ಮಾಬ್ಲ ರಿಜಿಸ್ಟರಿನಲ್ಲಿ ಒಂದು ಗೆರೆಯ ಮೇಲೆ ಇನ್ನೊಂದು ಗೆರೆ ಬರೆಯತೊಡಗಿದ. ಕುಮಟೆಯ ಡಾಕ್ಟರರು ಪರೀಕ್ಷೆ ಮಾಡಿ, ಸಕ್ಕರೆ ಕಾಯಿಲೆ ಬಹಳ ಹಿಂದೆಯೇ ಬಂದಿರಬೇಕು, ಈಗ ಕಣ್ಣಿಗೆ ಇಳಿದಿದೆ ಎಂದರು. ಹೋದ ದೃಷ್ಟಿ ಬರುವುದಿಲ್ಲ, ಉಳಿದದ್ದು ಎಷ್ಟು ದಿನವೋ ಹೇಳಲಾಗದು. ಉಳಿದದ್ದು ಒಂದೂವರೆ ವರ್ಷ ಇತ್ತು. ಮೊದಲು ಬರೆಯುವುದು ಹೋಯಿತು, ಆಮೇಲೆ ಕೆಲಸ, ಕೊನೆಗೆ ಓದುವುದು. ಬೆಳಕು ಯಾವ ಕಡೆ ಇದೆ ಎಂದಷ್ಟೇ ತಿಳಿಯುವ ಹೊತ್ತಿಗೆ ಮಾಬ್ಲನಿಗೆ ನಲವತ್ತಮೂರು.

ಅವನು ಗೊಣಗಲಿಲ್ಲ. ಜಗಲಿಯ ಮೇಲೆ ಕೂತು, ಓದಿದ ಪುಸ್ತಕಗಳನ್ನು ಮನಸ್ಸಿನಲ್ಲೇ ಮೊದಲಿನಿಂದ ಓದಿಕೊಳ್ಳುತ್ತಿದ್ದ. ಒಮ್ಮೊಮ್ಮೆ ತುಟಿ ಅಲುಗುತ್ತಿತ್ತು. ಮಾದೇವಿ ಅನ್ನ ಬಡಿಸಿ, ಮೀನಿನ ಮುಳ್ಳು ತೆಗೆದು ಕೊಟ್ಟು, ತನ್ನ ಕೆಲಸಕ್ಕೆ ಹೋಗುತ್ತಿದ್ದಳು. ಅಷ್ಟು ಮಾಡುವುದು ಧರ್ಮ, ಅದಕ್ಕಿಂತ ಹೆಚ್ಚಿನದು ತನ್ನಲ್ಲಿ ಇಲ್ಲ ಎಂದೇ ಅಂದುಕೊಂಡಿದ್ದಳು.

ಒಂದು ದಿನ ಹತ್ತು ಗಂಟೆಯ ಬಿಸಿಲಲ್ಲಿ ಅವಳು ಹಳದೀಪುರದಿಂದ ಬಂದು ಬಸ್ಸಿಳಿದಾಗ, ಬಸ್‌ಸ್ಟ್ಯಾಂಡಿನ ಪುಸ್ತಕದ ಅಂಗಡಿಯ ಮುಂದೆ ಮಾಬ್ಲ ನಿಂತಿದ್ದ. ಕೋಲು ಕಂಕುಳಲ್ಲಿ. ಅಷ್ಟು ದೂರ ಒಬ್ಬನೇ ಹೇಗೆ ಬಂದನೋ! ದಾರದಲ್ಲಿ ನೇತುಹಾಕಿದ್ದ ಪುಸ್ತಕಗಳನ್ನು ಒಂದೊಂದಾಗಿ ಬೆರಳಿನಿಂದ ಮುಟ್ಟುತ್ತಿದ್ದ. ಒಂದನ್ನು ಬಿಡಿಸಿ ಮೂಗಿನ ಹತ್ತಿರ ಹಿಡಿದ. ತಲೆಕೆಳಗಾಗಿ ಹಿಡಿದಿದ್ದ.

"ರಟ್ಟಿನ ಮೇಲೆ ಎಂತ ಚಿತ್ರ ಅದೆ, ಮಾರಾಯ?" ಎಂದು ಕೇಳುತ್ತಿದ್ದ.

"ಒಂದು ಹಡಗು, ಒಬ್ಳು ಹುಡುಗಿ," ಎಂದ ಅಂಗಡಿಯವನು, ಸೋಡಾ ಬಾಟಲಿ ಒರೆಸುತ್ತ.

"ಹಡಗಿನ ಹಾಯಿ ಎಷ್ಟು?"

"ಲೆಕ್ಕ ಮಾಡ್ಲಿಲ್ಲ. ತಕಂತ್ಯಾ ಇಲ್ಲಾ?"

ಮಾಬ್ಲ ಪುಸ್ತಕವನ್ನು ತಡಕಾಡಿ ದಾರಕ್ಕೆ ಸಿಕ್ಕಿಸಿದ. ಮಾದೇವಿ ಅವನನ್ನು ಮಾತಾಡಿಸಲಿಲ್ಲ. ಅವನು ಗೋಡೆ ಹಿಡಿದು ನಡೆದು ಮನೆ ಮುಟ್ಟುವವರೆಗೆ ಹತ್ತು ಮಾರು ಹಿಂದೆ ಬಂದಳು. ಆ ಪುಸ್ತಕಗಳನ್ನು ಅವಳು ಶಪಿಸಿದ್ದಳು, ಆದರೆ ಅವನು ಅವುಗಳ ಮುಂದೆ ಹೀಗೆ ಭಿಕ್ಷೆಯವನ ಹಾಗೆ ನಿಲ್ಲುವುದನ್ನು ನೋಡಲು ಅವಳಿಂದ ಆಗಲಿಲ್ಲ.

ಮರುದಿನ ಹಳದೀಪುರದಲ್ಲಿ ಪರಮೇಶ್ವರಿ ಅಕ್ಕೋರ ಮನೆಯ ಮೆಟ್ಟಿಲ ಮೇಲೆ ಬುಟ್ಟಿ ಇಳಿಸಿದಳು. ಅಕ್ಕೋರು ಮೂವತ್ತು ವರ್ಷ ಒಂದನೇ ಕ್ಲಾಸಿಗೆ ಕಲಿಸಿ ನಿವೃತ್ತರಾದವರು. ವಾರಕ್ಕೆ ಮೂರು ದಿನ ಮಾದೇವಿಯಿಂದಲೇ ಮೀನು ಕೊಳ್ಳುತ್ತಿದ್ದರು.

"ಅಕ್ಕೋರೇ, ನಂಗೆ ಓದೂಕೆ ಕಲಿಸ್ತ್ರಾ?"

"ನಿಂಗಾ? ಈಗ್ಯಾಕೆ ಮಾರಾಯ್ತಿ?"

"ಮನೇಲಿ ಓದೂಕೆ ಜನ ಇಲ್ಲ," ಎಂದಳು ಮಾದೇವಿ. ಅಕ್ಕೋರು ಮತ್ತೇನೂ ಕೇಳಲಿಲ್ಲ. ಒಳಗಿನಿಂದ ಸೀಮೆಸುಣ್ಣ ತಂದು ಜಗಲಿಯ ಸಿಮೆಂಟಿನ ಮೇಲೆ ದೊಡ್ಡದಾಗಿ 'ಅ' ಬರೆದರು.

ಮೀನು ಮಾರಿ ಮುಗಿಸಿ ದಿನಾ ಒಂದು ತಾಸು. ಸೀಮೆಸುಣ್ಣ ಹಿಡಿದ ಬೆರಳು ಕತ್ತಿ ಹಿಡಿದಂತೆ ಬಿಗಿಯುತ್ತಿತ್ತು. ಮಗ್ಗಿ ಹೇಳುತ್ತ ಹೋಗುವ ಮಕ್ಕಳು ನಿಂತು ನೋಡಿ ನಗುತ್ತಿದ್ದವು. ನಾಲ್ಕು ತಿಂಗಳ ಮೇಲೆ ಒಂದು ದಿನ ಎದುರಿಗೆ ಬರುತ್ತಿದ್ದ ಬಸ್ಸಿನ ಹಣೆಯ ಮೇಲೆ 'ಕುಮಟಾ' ಎಂಬ ಮೂರು ಅಕ್ಷರ ತಾನಾಗಿಯೇ ಮಾತಾಡಿತು. ಮಾದೇವಿ ರಸ್ತೆಯ ಅಂಚಿನಲ್ಲಿ ನಿಂತು ಅದನ್ನು ಗಟ್ಟಿಯಾಗಿ ಓದಿದಳು. ಬಸ್ಸು ತನಗಾಗಿ ಕೈ ಮಾಡಿದ್ದಾಳೆಂದು ನಿಂತಿತು. ಹತ್ತದೆ ನಿಂತವಳಿಗೆ ಕಂಡಕ್ಟರು ಬೈದು ಹೋದ.

ಮಾಬ್ಲನಿಗೆ ಅವಳು ಹೇಳಿರಲಿಲ್ಲ. ಒಂದು ಮಧ್ಯಾಹ್ನ ಊಟವಾದ ಮೇಲೆ ಟ್ರಂಕು ತೆಗೆದು, ಮೇಲೆ ಸಿಕ್ಕಿದ ಪುಸ್ತಕ ಹಿಡಿದು, ಅವನ ಎದುರು ಕೂತಳು. "ಅ… ಧ್ಯಾ… ಯ. ಒಂ… ದು," ಎಂದಳು.

ಮಾಬ್ಲ ಗೋಡೆಗೆ ಒರಗಿದ್ದವನು ನೆಟ್ಟಗೆ ಕೂತ. "ಯಾರು ಬಂದೀರು?" ಎಂದ.

"ಯಾರೂ ಇಲ್ಲ. ನಾನೇ."

ಅವನು ಅವಳ ದನಿಯ ಕಡೆ ಮುಖ ತಿರುಗಿಸಿದ. ಆಮೇಲೆ, "ಹ್ಞಾಂ, ಮುಂದೆ?" ಎಂದ.

ಒತ್ತಕ್ಷರ ಬಂದಲ್ಲಿ ಅವಳು ಎಡವುತ್ತಿದ್ದಳು. ಸೋಮವಾರ ಎತ್ತಿದ ಕತ್ತಿ ಬುಧವಾರ ಕೆಳಗೆ ಬೀಳುತ್ತಿತ್ತು. ಒಂದು ಪಿಸ್ತೂಲಿನ ಕುದುರೆ ಎಳೆಯಲು ಅರ್ಧ ತಾಸು. ಒಮ್ಮೆ 'ಶತ್ರು' ಎಂಬಲ್ಲಿ ಅವಳು ಬಹಳ ಹೊತ್ತು ನಿಂತಾಗ ಮಾಬ್ಲ, "ಬಿಡು, ಅವ ಅಷ್ಟರಲ್ಲಿ ಓಡಿ ಹೋದ," ಎಂದ. ಮಾದೇವಿಗೆ ನಗು ಬಂತು. ಆ ಮನೆಯಲ್ಲಿ ಅವಳ ನಗು ಕೇಳಿ ಏಳು ವರ್ಷವಾಗಿತ್ತು. ಇಬ್ಬರಿಗೂ ಅದು ತಿಳಿಯಿತು.

ಓದುತ್ತ ಓದುತ್ತ ಅವಳಿಗೂ ರುಚಿ ಹತ್ತಿತು. ಬುಟ್ಟಿ ಹೊತ್ತು ನಡೆಯುವಾಗ, ನಿನ್ನೆ ಓದಿದ ಕತೆಯ ಆ ಒಂಟಿಗಣ್ಣಿನ ಅಡುಗೆಯವ ನಂಬಿಗಸ್ತನೋ ಅಲ್ಲವೋ ಎಂದು ಯೋಚಿಸುತ್ತಿದ್ದಳು. ಬೇರೆಯವರು ಬರೆದದ್ದು ಮುಗಿಸಿ ಮಾಬ್ಲ ಬರೆದವನ್ನು ಹಿಡಿದರು. 'ಏಳು ಹಾಯಿಗಳ ಶಾಪ' ಆಯಿತು, 'ಗಂಧಕದ ದ್ವೀಪ' ಆಯಿತು. ಒಂದೇ ಒಂದನ್ನು ಮಾತ್ರ ಅವಳು ತೆಗೆದಾಗಲೆಲ್ಲ ಅವನು, "ಅದು ಬ್ಯಾಡ. ಅದು ಚಂದ ಆಗ್ಲಿಲ್ಲ," ಎನ್ನುತ್ತಿದ್ದ. ಅದರ ಹೆಸರು 'ಉಪ್ಪಿನ ಕೋಟೆಯ ಕೈದಿ'.

ಎಂಬತ್ತೆರಡರ ಮಳೆಗಾಲ. ಬೋಟುಗಳೆಲ್ಲ ದಡದಲ್ಲಿದ್ದವು, ಮಾರಲು ಮೀನಿರಲಿಲ್ಲ. ಟ್ರಂಕಿನಲ್ಲಿ ಓದದೆ ಉಳಿದದ್ದು ಅದೊಂದೇ.

"ಇದನ್ನೇ ಓದ್ತೆ," ಎಂದಳು ಮಾದೇವಿ. "ಚಂದ ಆಗ್ದೆ ಇದ್ರೆ ಆಗ್ದೇ ಹೋಯ್ತು."

ಮಾಬ್ಲ ಬೇಡವೆನ್ನಲಿಲ್ಲ. ಗೋಡೆಯ ಕಡೆ ತಿರುಗಿ ಮಲಗಿದ.

ಈಗ ಅವಳ ಓದು ಓಡುತ್ತಿತ್ತು. ನಾಲ್ಕು ದಿನಕ್ಕೆ ಎಂಟು ಅಧ್ಯಾಯ ಮುಗಿದವು. ಶಂಖಪಾಲ ಚಿನ್ನ ತುಂಬಿದ ಶತ್ರುವಿನ ಹಡಗನ್ನು ಹನ್ನೊಂದು ದಿನ ಬೆನ್ನಟ್ಟಿ, ಇನ್ನೇನು ಹಿಡಿಯಬೇಕು, ಅಷ್ಟರಲ್ಲಿ ಹಡಗಿನ ಅಡುಗೆಯವನು ಓಡಿ ಬರುತ್ತಾನೆ. ಅವನ ಮೊಮ್ಮಗಳಿಗೆ ಜ್ವರ. ಮಾದೇವಿ ಹಾಳೆ ಮಗುಚಿದಳು.

"ಮಗು ಹಾಸಿಗೆಯ ಮೇಲೆ… ತನ್ನ ಕೂದಲನ್ನೇ… ಮುಷ್ಟಿಯಲ್ಲಿ ಹಿಡಿದು… ಮಲಗಿತ್ತು. ಹೆಸರೇನು ಎಂದು… ಕಪ್ತಾನ ಕೇಳಿದ. ಮುದುಕ ಹೇಳಿದ. ಕ… ಮ…"

ಅವಳು ನಿಂತಳು. ಅದು ಕಷ್ಟದ ಶಬ್ದವಾಗಿರಲಿಲ್ಲ, ಒತ್ತಕ್ಷರವೂ ಇರಲಿಲ್ಲ. ಹೊರಗೆ ಮಾಡಿನ ನೀರು ಒಂದೇ ಸಮ ಬೀಳುತ್ತಿತ್ತು. ಅವಳು ಗಂಡನ ಬೆನ್ನನ್ನು ನೋಡಿದಳು. ಅದು ಅಲುಗಲಿಲ್ಲ.

ಅವಳು ಮುಂದೆ ಓದಿದಳು. ವೈದ್ಯನಿರುವ ಬಂದರು ಎರಡು ದಿನದ ದಾರಿ, ಗಾಳಿ ಎದುರು. ನಾವಿಕರು ಸಿಟ್ಟಾಗುತ್ತಾರೆ. ಹನ್ನೊಂದು ದಿನ ನೀರು ಅಳೆದು ಕುಡಿದು ಬೆನ್ನಟ್ಟಿದ ಚಿನ್ನ ಕಣ್ಣೆದುರಿಗಿದೆ. ಶಂಖಪಾಲ ಚುಕ್ಕಾಣಿ ಹಿಡಿದು, 'ಚಿನ್ನ ನಾಳೆಯೂ ಸಮುದ್ರದ ಮೇಲಿರುತ್ತದೆ. ಈ ಮಗು ನಾಳೆ ಇರುವುದಿಲ್ಲ' ಎಂದು ಹಡಗು ತಿರುಗಿಸುತ್ತಾನೆ. ಬಿರುಗಾಳಿ ಏಳುತ್ತದೆ. ಹಡಗು ಮುಂದೆ ಹೋಗದೆಂದಾಗ ಮಗುವನ್ನು ಹೆಗಲಿಗೆ ಹಾಕಿಕೊಂಡು ಸಣ್ಣ ದೋಣಿಗೆ ಇಳಿಯುತ್ತಾನೆ. ದಡ ಮುಟ್ಟಿ, ಮೊಣಕಾಲಿನವರೆಗಿನ ಕೆಸರಿನಲ್ಲಿ ಹನ್ನೆರಡು ಮೈಲು ನಡೆಯುತ್ತಾನೆ. ಹಳ್ಳ ಉಕ್ಕಿ ದಾರಿ ಮುಚ್ಚಿದೆ, ಈಜಿ ದಾಟುತ್ತಾನೆ. ಹೊತ್ತಿಗೆ ಸರಿಯಾಗಿ ಮುಟ್ಟುತ್ತಾನೆ. ಮೂರನೆಯ ದಿನ ಮಗು ಕಣ್ಣು ತೆರೆದು ಕಲ್ಲಂಗಡಿ ಕೇಳುತ್ತದೆ. ಅದರ ಕಾಲವಲ್ಲ. ಕಪ್ತಾನ ಸೊಂಟದ ಕತ್ತಿಯಿಂದ ಹಣ್ಣು ಕೊಯ್ದು, ಬೀಜ ತೆಗೆದು, ಒಂದೊಂದೇ ಹೋಳು ಬಾಯಿಗಿಡುತ್ತಾನೆ. ಹಣ್ಣು ಎಲ್ಲಿಂದ ತಂದನೆಂದು ಪುಸ್ತಕದಲ್ಲಿ ಬರೆದಿರಲಿಲ್ಲ.

ಮಾದೇವಿ ಬೆರಳನ್ನು ಆ ಗೆರೆಯ ಮೇಲೇ ಇಟ್ಟುಕೊಂಡಿದ್ದಳು.

"ಅವ ಬಂದ," ಎಂದಳು.

"ಅವ ಬಂದ," ಎಂದ ಮಾಬ್ಲ, ಗೋಡೆಯ ಕಡೆಯಿಂದಲೇ. "ನಾನೂ ಗುರುವಾರನೇ ನಡ್ದು ಹೊರಟೆ, ಮಾದೇವಿ. ಹಳ್ಳದ ಹತ್ರ ನಿಂತೆ. ಅರ್ಧಕ್ಕೆ ಇಳ್ದೆ. ನಂಗೆ ಈಜೂಕೆ ಬರೂದಿಲ್ಲಲ."

ಈ ಮಾತನ್ನು ಅವನು ಎಂಟು ವರ್ಷ ಹೇಳಿರಲಿಲ್ಲ, ಅವಳು ಕೇಳಿರಲಿಲ್ಲ. ಮಾದೇವಿ ಪುಸ್ತಕ ಮಡಿಚಿ ಅವನ ಬೆನ್ನ ಹಿಂದೆ ಬಂದು ಕೂತಳು. ಕೈಯನ್ನು ಅವನ ಹೆಗಲ ಮೇಲೆ ಇಟ್ಟಳು. ಅವನು ಸಣ್ಣ ಶಬ್ದ ಮಾಡಿ ಅಳುತ್ತಿದ್ದ. ಮದುವೆಯಾಗಿ ಹದಿನಾಲ್ಕು ವರ್ಷದಲ್ಲಿ ಅವಳು ಆ ಶಬ್ದ ಕೇಳಿರಲಿಲ್ಲ.

ಮರುದಿನ ಅವಳು ಮುಂದಿನ ಅಧ್ಯಾಯ ಓದಲಿಲ್ಲ. ಅದೇ ಅಧ್ಯಾಯವನ್ನು ಮೊದಲಿನಿಂದ ಓದಿದಳು. ಅದರ ಮರುದಿನವೂ.

ಆ ಮಳೆಗಾಲ ಕಳೆದ ಮೇಲೆ ಮಾಬ್ಲ, "ಇನ್ನೊಂದು ಬರೀಬಹುದಿತ್ತು," ಎಂದ. ಮಾದೇವಿ ಗೆರೆ ಹಾಕಿದ ನೋಟ್‌ಬುಕ್ ತಂದಳು. ಅವನು ಹೇಳುತ್ತ ಹೋದ, ಅವಳು ಬರೆಯುತ್ತ ಹೋದಳು. ಒಂದು ಮಾತು ಬರೆದು ಮುಗಿಸುವವರೆಗೆ ಅವನು ಕಾಯಬೇಕಿತ್ತು. ಆ ಕಾಯುವಿಕೆಯಲ್ಲಿ ಅವನ ಕತೆಯೇ ಬದಲಾಯಿತು. ಮೊದಲಿನ ಓಟ ಹೋಯಿತು. ಶಂಖಪಾಲನಿಗೆ ವಯಸ್ಸಾಗಿತ್ತು, ಅವನು ದಡದ ಮೇಲೆ ಕೂತು ಬೇರೆಯವರ ಹಡಗು ನೋಡುತ್ತಿದ್ದ. "ಕತ್ತಿ ಎಲ್ಲಿ?" ಎಂದು ಮಾದೇವಿ ಕೇಳುತ್ತಿದ್ದಳು. "ಬತ್ತದೆ, ತಡಿ," ಎನ್ನುತ್ತಿದ್ದ. ಮೂರು ನೋಟ್‌ಬುಕ್ ತುಂಬಲು ಎರಡು ವರ್ಷ ಹಿಡಿಯಿತು. ಕೊನೆಯ ಅಧ್ಯಾಯ ಮಾತ್ರ ಉಳಿಯಿತು. ಅಷ್ಟರಲ್ಲಿ ಅವನ ಕಾಲು ಬಾತು, ಮುಖ ಬಾತು, ಹೇಳುವ ಶಕ್ತಿ ಕುಂದಿತ್ತು. "ಪ್ರಭುಗಳು ತಕಳ್ಳೂದಾದ್ರೆ ಕಡೇದು ಹೇಳ್ತೆ," ಎಂದ.

ಎಂಬತ್ತನಾಲ್ಕರ ಡಿಸೆಂಬರಿನಲ್ಲಿ ಮಾದೇವಿ ನೋಟ್‌ಬುಕ್ಕುಗಳನ್ನು ಚೀಲದಲ್ಲಿ ಹಾಕಿಕೊಂಡು ಭಟ್ಕಳಕ್ಕೆ ಹೋದಳು. ಕೇಳುತ್ತ ಕೇಳುತ್ತ ಪ್ರೆಸ್ಸು ಮುಟ್ಟಿದಳು. ಪಕ್ಕದಲ್ಲೇ ಒಂದು ವಿಡಿಯೋ ಪಾರ್ಲರು, ಬಾಗಿಲಲ್ಲಿ ಮಾರ್ನಿಂಗ್ ಶೋಗೆ ಕಾಯುವ ಗುಂಪು. ಪ್ರೆಸ್ಸಿನೊಳಗೆ ಒಂದೇ ಯಂತ್ರ ಓಡುತ್ತಿತ್ತು, ಬೀಡಿ ಕಟ್ಟಿನ ಲೇಬಲ್ಲು ಅಚ್ಚಾಗುತ್ತಿತ್ತು. ಪ್ರಭುಗಳು ಮುದುಕರಾಗಿದ್ದರು. ಮಾಬ್ಲನ ಹೆಂಡತಿಯೆಂದು ತಿಳಿದು ಎದ್ದು ಕುರ್ಚಿ ಕೊಟ್ಟರು.

"ಕಾದಂಬರಿ ನಿಲ್ಲಿಸಿ ಎರಡು ವರ್ಷ ಆಯ್ತು ತಂಗಿ," ಎಂದರು. "ಈಗ ಯಾರಿಗೆ ಬೇಕು? ಅಲ್ಲಿ ನೋಡು, ಸಾಲು. ಎಲ್ಲ ಅದ್ರಲ್ಲೇ ನೋಡ್ತ್ರು." ಆದರೂ ಮೊದಲ ನೋಟ್‌ಬುಕ್ ತೆಗೆದು ಕನ್ನಡಕ ಏರಿಸಿ ಎರಡು ಪುಟ ಓದಿದರು. "ಯಾರ ಅಕ್ಷರ ಇದು?"

"ನಂದೇ."

ಅವರು ಆ ಪುಟವನ್ನು ಬಹಳ ಹೊತ್ತು ಹಿಡಿದುಕೊಂಡಿದ್ದರು. "ಮಾಬ್ಲ ಒಬ್ನೇ," ಎಂದರು ಕೊನೆಗೆ, "ಈ ಕತೆಗಳನ್ನ ನಂಬಿ ಬರೀತಿದ್ದ. ಉಳ್ದವ್ರೆಲ್ಲ ಪುಟ ತುಂಬಸ್ತಿದ್ರು." ಚಾ ತರಿಸಿ ಕುಡಿಸಿ, ಬಸ್ಸಿನವರೆಗೆ ಬಂದು ಹತ್ತಿಸಿದರು.

ಬರುವ ದಾರಿಯುದ್ದಕ್ಕೂ ಮಾದೇವಿ ಏನು ಹೇಳುವುದೆಂದು ಯೋಚಿಸಿದಳು. ತಗೊಂಡರು ಎಂದರೆ ಸಾಕು, ಅವನು ಸಮಾಧಾನದಿಂದ ಮಲಗುತ್ತಾನೆ. ಆದರೆ ಹೇಳದೆ ಇಟ್ಟುಕೊಂಡ ಮಾತು ತಮ್ಮಿಬ್ಬರ ಎಂಟು ವರ್ಷ ತಿಂದಿತ್ತು.

"ತಕಳ್ಳೂದಿಲ್ಲ ಹೇಳೀರು," ಎಂದಳು, ಚೀಲ ಕೆಳಗಿಡುವ ಮೊದಲೇ. "ಯಾರೂ ಓದೂದಿಲ್ವಂತೆ ಈಗ."

ಮಾಬ್ಲ ತಲೆಯಾಡಿಸಿದ. ಆಮೇಲೆ ಕೇಳಿದ, "ನಿಂಗೆ ಹ್ಯಾಂಗೆ ಕಾಣ್ತು? ಬರೀವಾಗ?"

"ಮೊದ್ಲೆರಡು ಬುಕ್ಕು ಚಂದ ಅದೆ. ಮೂರನೇದ್ರಲ್ಲಿ ಅವ ಸುಮ್ನೆ ಕೂತೇ ಇರ್ತ. ನಂಗೆ ಬ್ಯಾಸರ ಬಂತು."

ಮಾಬ್ಲ ನಕ್ಕ. "ಖರೆ. ನಂಗೂ ಬಂತು. ಕಡೇದ್ರಲ್ಲಿ ಎಬ್ಬಸ್ತೆ ಅವನ್ನ. ನಾಲ್ಕು ದಿನ ತಡಿ, ಉಸ್ರು ಬರ್ಲಿ."

ಉಸಿರು ಬರಲಿಲ್ಲ. ಮಾರ್ಚಿನಲ್ಲಿ ಅವನನ್ನು ಕುಮಟೆಯ ಆಸ್ಪತ್ರೆಗೆ ಸೇರಿಸಿದರು. ಮೂತ್ರಪಿಂಡ ನಿಂತಿತ್ತು. ಮೂರು ದಿನ ಮಾದೇವಿ ಮಂಚದ ಪಕ್ಕದ ನೆಲದ ಮೇಲೆ ಕೂತಳು. ಎರಡನೆಯ ದಿನ ಅವನಿಗೆ ಸ್ವಲ್ಪ ಎಚ್ಚರವಿತ್ತು. ಅವಳು ಬಗ್ಗಿ, "ಕಡೇದು ಹೇಳ್ತ್ರಾ? ಬುಕ್ಕು ತಂದೆ," ಎಂದಳು. ಅವನು ತುಟಿ ತೆರೆದ. "ಹಡಗು…" ಎಂದ. ಮುಂದಿನದು ಅವಳಿಗೆ ತಿಳಿಯಲಿಲ್ಲ. ಕಿವಿ ಬಾಯಿಗೆ ತಾಗಿಸಿದಳು, ಆಗಲೂ ತಿಳಿಯಲಿಲ್ಲ. ಗುರುವಾರ ಮಧ್ಯಾಹ್ನ ಮೂರು ಗಂಟೆಗೆ ಅವನು ತೀರಿಕೊಂಡ.

ದಿನಗಳ ಕಾರ್ಯವೆಲ್ಲ ಮುಗಿದ ಮೇಲೆ ಪರಮೇಶ್ವರಿ ಅಕ್ಕೋರು ಮಾತಾಡಿಸಲು ಬಂದರು. ನೋಟ್‌ಬುಕ್ಕುಗಳನ್ನು ನೋಡಿ, "ಕಡೇದು ನೀನೇ ಬರ್ದು ಮುಗ್ಸು. ನಿಂಗೆ ಬತ್ತದೆ," ಎಂದರು. ಮಾದೇವಿ ಪ್ರಯತ್ನಿಸಿದಳು. 'ಹಡಗು' ಎಂದು ಬರೆದು ಕೂತಳು. ಆ ಶಬ್ದದ ಮುಂದೆ ಅವನು ಏನು ಹೇಳಲಿದ್ದನೋ ಅದು ಅವಳಿಗೆ ಗೊತ್ತಿರಲಿಲ್ಲ, ಬೇರೆ ಏನು ಬರೆದರೂ ಸುಳ್ಳಾಗುತ್ತಿತ್ತು. ಒಂದು ವಾರ ಆ ಪುಟ ತೆರೆದಿಟ್ಟು, ಆಮೇಲೆ ಮಡಿಚಿದಳು. ಶಂಖಪಾಲ ದಡದಲ್ಲೇ ಉಳಿದ.

ಅವಳು ಮತ್ತೆ ಬುಟ್ಟಿ ಹೊತ್ತಳು. ಹೊಟ್ಟೆಯ ಪಾಡು ನಡೆಯಬೇಕಲ್ಲ. ಮುಂದಿನ ಚಳಿಗಾಲದ ಒಂದು ದಿನ ಕುಮಟೆಯ ಬಸ್ಸಿನಲ್ಲಿ ಯಾರೋ ಮರೆತುಹೋದ ಪುಸ್ತಕವೊಂದು ಸೀಟಿನ ಸಂದಿಯಲ್ಲಿ ಸಿಕ್ಕಿತು. ಮೇಲೆ ಕಣಿವೆಗೆ ಉರುಳುತ್ತಿರುವ ಜೀಪಿನ ಚಿತ್ರ. ಯಾವ ಊರಿನಲ್ಲಿ ಅಚ್ಚಾದದ್ದೋ, ಯಾರು ಬರೆದದ್ದೋ. ಖಾಲಿ ಬುಟ್ಟಿಯನ್ನು ಕಾಲಡಿ ಇಟ್ಟು ಓದಲು ಶುರುಮಾಡಿದಳು. ವಜ್ರದ ಹಾರ ಕಳುವಾಗಿತ್ತು, ಕಾವಲುಗಾರನ ಮೇಲೆ ಅನುಮಾನ ಬಂದಿತ್ತು, ಅವನು ಕಾಡಿಗೆ ಓಡಿದ್ದ. ಹೊನ್ನಾವರದಲ್ಲಿ ಬಸ್ಸಿಳಿದು ನಿಲ್ದಾಣದ ಬೆಂಚಿನ ಮೇಲೆ ಕೂತು ಉಳಿದ ಇಪ್ಪತ್ತು ಪುಟ ಮುಗಿಸಿಯೇ ಎದ್ದಳು. ಬಿಸಿಲು ಇಳಿಯುತ್ತಿತ್ತು. ಬೇಗ ಬೇಗ ಹೆಜ್ಜೆ ಹಾಕಿ ಮನೆ ಮುಟ್ಟಿ, ಬಾಗಿಲು ತಳ್ಳಿ, ಬುಟ್ಟಿ ಇಳಿಸುತ್ತಲೇ ಗಟ್ಟಿಯಾಗಿ, "ಕೇಳ್ತ್ರಾ? ಆ ವಕೀಲನೇ ಕಳ್ಳ!" ಎಂದಳು.

ಮಾತು ಬಾಯಿಂದ ಹೋಗಿಯೇ ಹೋಯಿತು. ಜಗಲಿಯ ಮೇಲೆ ಗೋಡೆಗೆ ಒರಗಿ ಒರಗಿ ಅವನ ತಲೆಯೆಣ್ಣೆಯ ಕಲೆ ಬಿದ್ದ ಜಾಗವನ್ನು ನೋಡುತ್ತ ಮಾದೇವಿ ಸ್ವಲ್ಪ ಹೊತ್ತು ನಿಂತಿದ್ದಳು. ಆಮೇಲೆ ಒಲೆ ಹಚ್ಚಲು ಒಳಗೆ ಹೋದಳು.